ನೀರು, ನೆಲ, ನೆಮ್ಮದಿ
(ಪರಿಸರ, ಭದ್ರತೆ ಮತ್ತು ಶಾಂತಿ — ಒಂದು ಪಾಠ)



ತರಗತಿಯಲ್ಲಿ ನಾನು "ಶಾಂತಿ ಎಂಬ ಪದದ ವಿರುದ್ಧ ಪದವೇನು?" ಎಂದು ಕೇಳಿದರೆ ನೀವು ಒಂದೇ ದನಿಯಲ್ಲಿ "ಯುದ್ಧ" ಎನ್ನುತ್ತೀರಿ. "ಭದ್ರತೆ" ಎಂದೊಡನೆ ಗಡಿಯಲ್ಲಿ ಬಂದೂಕು ಹಿಡಿದು ನಿಂತ ಸೈನಿಕನ ಚಿತ್ರ ನಿಮ್ಮ ಕಣ್ಣ ಮುಂದೆ ಬರುತ್ತದೆ. "ಪರಿಸರ" ಎಂದರೆ ಜೂನ್ 5ರಂದು ಶಾಲೆಯ ಆವರಣದಲ್ಲಿ ನೆಡುವ ಸಸಿ. ಈ ಮೂರೂ ಬೇರೆ ಬೇರೆ ಪಾಠಗಳೆಂದೂ ಪರೀಕ್ಷೆಯಲ್ಲಿ ಬೇರೆ ಬೇರೆ ಪ್ರಶ್ನೆಗಳಾಗಿ ಬರುತ್ತವೆಂದೂ ನೀವು ತಿಳಿದಿದ್ದೀರಿ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಇವು ಮೂರೂ ಒಂದೇ ಹಗ್ಗದ ಎಳೆಗಳೆಂಬುದನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ನಮ್ಮ ಬೀದಿಯ ನಲ್ಲಿ.

ಕೆಲವು ವರ್ಷಗಳ ಹಿಂದಿನ ಮಾತು. ಆ ಬೇಸಿಗೆಯಲ್ಲಿ ನಮ್ಮ ಬೀದಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಬೆಳಗಿನ ಜಾವದಿಂದಲೇ ಕೊಡಗಳು ಸಾಲು ನಿಲ್ಲುತ್ತಿದ್ದವು. ಒಂದು ದಿನ ಎರಡು ಮನೆಯವರ ನಡುವೆ "ನನ್ನ ಕೊಡ ಮುಂದಿತ್ತು, ನಿನ್ನ ಕೊಡ ಹಿಂದಿತ್ತು" ಎಂದು ಮಾತು ಬೆಳೆಯಿತು. ಹಬ್ಬಕ್ಕೆ ಹೋಳಿಗೆ ಕೊಟ್ಟು ತೆಗೆದುಕೊಳ್ಳುತ್ತಿದ್ದ ಮನೆಗಳು ಅವು. ಮಾತಿನಿಂದ ಕೈಗೆ, ಕೈಯಿಂದ ಕೊಡಕ್ಕೆ ಹೋಗಿ ಒಬ್ಬರ ತಲೆ ಒಡೆಯಿತು. ಪ್ರಕರಣ ಪೊಲೀಸ್ ಠಾಣೆಯನ್ನು ಮುಟ್ಟಿತು. ಆ ಎರಡು ಮನೆಯ ಹೆಣ್ಣುಮಕ್ಕಳಿಬ್ಬರೂ ನನ್ನ ತರಗತಿಯಲ್ಲಿದ್ದರು. ಅದುವರೆಗೆ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದವರು ಮರುದಿನದಿಂದ ಬೇರೆ ಬೇರೆ ಮೂಲೆಗಳಲ್ಲಿ ಕುಳಿತರು.

ಆ ದಿನ ನಾನು ಯೋಚಿಸಿದೆ: ಇಲ್ಲಿ ಶತ್ರುದೇಶವಿಲ್ಲ, ಸೈನ್ಯವಿಲ್ಲ. ಆದರೂ ಶಾಂತಿ ಕೆಟ್ಟಿತು, ಭದ್ರತೆ ಹೋಯಿತು. ಏಕೆ? ನೀರು ಕಡಿಮೆಯಾದುದಕ್ಕೋ? ಅಥವಾ ಇದ್ದ ನೀರನ್ನು ಹಂಚಿಕೊಳ್ಳುವ ಕ್ರಮ ಇಲ್ಲದುದಕ್ಕೋ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಪಾಠವನ್ನು ಓದಿರಿ.

1. ಮೂರು ಪದಗಳ ಅರ್ಥ

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ.

"ಸುಸ್ಥಿರತೆ" ಎಂಬುದು ಇತ್ತೀಚೆಗೆ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವ ಪದ. ನಾರ್ವೆ ದೇಶದ ಪ್ರಧಾನಿಯಾಗಿದ್ದ ಗ್ರೋ ಹಾರ್ಲೆಮ್ ಬ್ರಂಟ್‌ಲ್ಯಾಂಡ್ ಅವರ ಅಧ್ಯಕ್ಷತೆಯ ಆಯೋಗವು 1987ರಲ್ಲಿ ವಿಶ್ವಸಂಸ್ಥೆಗೆ ವರದಿ ಸಲ್ಲಿಸಿದ ಮೇಲೆ ಇದು ಜಗತ್ತಿನಲ್ಲೆಲ್ಲ ಬಳಕೆಗೆ ಬಂದಿತು. ಇದರ ಸಾರ ಇಷ್ಟೆ: ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳಬೇಕು. ಆದರೆ ಮುಂದೆ ಹುಟ್ಟಿ ಬರುವವರ ಪಾಲನ್ನು ಇಂದೇ ಉಂಡು ಮುಗಿಸಬಾರದು. ನಮ್ಮ ರೈತನಿಗೆ ಇದು ಹೊಸ ಮಾತಲ್ಲ. ಎಷ್ಟೇ ಹಸಿವಿದ್ದರೂ ಬಿತ್ತನೆಯ ಬೀಜವನ್ನು ಕುಟ್ಟಿ ತಿನ್ನಬಾರದೆಂಬುದು ಅವನ ಮನೆಯ ನಿಯಮ.

"ಭದ್ರತೆ" ಎಂದರೆ ಗಡಿಯ ಕಾವಲು ಮಾತ್ರವಲ್ಲ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 1994ರ ಮಾನವ ಅಭಿವೃದ್ಧಿ ವರದಿಯಲ್ಲಿ "ಮಾನವ ಭದ್ರತೆ" ಎಂಬ ವಿಚಾರವನ್ನು ಮುಂದಿಟ್ಟಿತು. ಅದರಲ್ಲಿ ಏಳು ಅಂಗಗಳನ್ನು ಎಣಿಸಲಾಗಿದೆ: ಆದಾಯ, ಆಹಾರ, ಆರೋಗ್ಯ, ಪರಿಸರ, ವ್ಯಕ್ತಿಯ ರಕ್ಷಣೆ, ಸಮುದಾಯದ ರಕ್ಷಣೆ ಮತ್ತು ರಾಜಕೀಯ ಹಕ್ಕು. ಅಂದರೆ ನಾಳಿನ ಊಟ, ಕುಡಿಯುವ ನೀರು, ರಾತ್ರಿ ಭಯವಿಲ್ಲದ ನಿದ್ರೆ ಇವೆಲ್ಲವೂ ಭದ್ರತೆಯೇ.

"ಶಾಂತಿ" ಎಂದರೆ ಗದ್ದಲವಿಲ್ಲದಿರುವುದಷ್ಟೇ ಅಲ್ಲ. ಮೇಷ್ಟರ ಬೆತ್ತಕ್ಕೆ ಹೆದರಿ ತರಗತಿ ಸುಮ್ಮನಿದ್ದರೆ ಅದು ಶಾಂತಿಯಲ್ಲ. ಪ್ರತಿಯೊಬ್ಬರಿಗೂ ನ್ಯಾಯವಾದ ಪಾಲು ಸಿಗುತ್ತದೆ ಎಂಬ ನಂಬಿಕೆ ಇದ್ದಾಗ ತಾನಾಗಿ ಮೂಡುವ ನೆಮ್ಮದಿಯೇ ನಿಜವಾದ ಶಾಂತಿ.

2. ಧಾತು-ಈಶ್ವರ ಬರದ ಪಾಠ

ಮಳೆ, ನೆಲ, ಆಹಾರ ಕೆಟ್ಟಾಗ ಸಮಾಜಕ್ಕೆ ಏನಾಗುತ್ತದೆ ಎಂಬುದನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಭೀಕರ ಕ್ಷಾಮ ಆವರಿಸಿತು. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದುದರಿಂದ ಹಿರಿಯರು ಅದನ್ನು ಧಾತು-ಈಶ್ವರ ಬರ ಎನ್ನುತ್ತಿದ್ದರು. ಆಗ ನಮ್ಮ ಆದವಾನಿಯೂ ರಾಯದುರ್ಗವೂ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿ ಮತ್ತು ಕರ್ನೂಲು ಮುಖ್ಯವಾದವು.

ಮಳೆ ಹೋದುದು ಮೊದಲ ಪೆಟ್ಟು. ಬೆಳೆ ಒಣಗಿತು, ಕೂಲಿ ನಿಂತಿತು, ಧಾನ್ಯದ ಬೆಲೆ ಗಗನಕ್ಕೇರಿತು. ವ್ಯಾಪಾರಿಗಳು ಇನ್ನೂ ಹೆಚ್ಚಿನ ಬೆಲೆಗೆ ಕಾದರು. ದೇಶದೊಳಗೆ ಜನ ಸಾಯುತ್ತಿದ್ದಾಗಲೂ ಧಾನ್ಯ ಹಡಗನ್ನೇರಿ ಹೊರದೇಶಗಳಿಗೆ ಹೋಗುತ್ತಿತ್ತು. ಆ ವರ್ಷಗಳಲ್ಲಿ ಮದ್ರಾಸ್ ಪ್ರಾಂತದಲ್ಲಿ ಧಾನ್ಯದ ಲೂಟಿ, ಡಕಾಯಿತಿಗಳು ಬಹಳವಾಗಿ ಏರಿದವು. ಅದುವರೆಗೆ ಮರ್ಯಾದೆಯಿಂದ ದುಡಿದು ಉಣ್ಣುತ್ತಿದ್ದ ಜನರೂ ಕಳ್ಳರಾದರು. ಅವರ ಗುಣ ಒಂದು ವರ್ಷದಲ್ಲಿ ಬದಲಾಯಿತೇ? ಇಲ್ಲ, ಹೊಟ್ಟೆ ಬರಿದಾಯಿತು. ಜೊತೆಗೆ, ಇದ್ದ ಧಾನ್ಯ ತಮಗೆ ಸಿಗುವುದಿಲ್ಲವೆಂಬುದು ಅವರ ಕಣ್ಣಿಗೆ ಕಾಣುತ್ತಿತ್ತು.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಬರ ಬಂದ ಕಡೆಯೆಲ್ಲ ಜಗಳವಾಗುತ್ತದೆ ಎಂದು ನಿಯಮವೇನೂ ಇಲ್ಲ. ಕೊರತೆಯ ಜೊತೆಗೆ ಅನ್ಯಾಯವೂ ಸೇರಿದಾಗ ಬೆಂಕಿ ಹತ್ತುತ್ತದೆ. ಒಣಗಿದ ಹುಲ್ಲು ಕೊರತೆ, ಕಿಡಿ ಅನ್ಯಾಯ. ಹುಲ್ಲು ಒಣಗುವುದನ್ನು ತಡೆಯುವುದು ಪರಿಸರ ರಕ್ಷಣೆ. ಕಿಡಿ ಬೀಳದಂತೆ ನೋಡಿಕೊಳ್ಳುವುದು ನ್ಯಾಯ. ಎರಡೂ ಬೇಕು.

3. ನಮ್ಮ ನದಿ, ಮೂರು ರಾಜ್ಯಗಳು

"ಗಂಗಾ ಸ್ನಾನ, ತುಂಗಾ ಪಾನ" ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ತುಂಗೆ ಮತ್ತು ಭದ್ರೆ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಶಿವಮೊಗ್ಗದ ಬಳಿಯ ಕೂಡ್ಲಿಯಲ್ಲಿ ಒಂದಾಗಿ, ಕರ್ನಾಟಕವನ್ನು ದಾಟಿ, ಆಂಧ್ರ ಮತ್ತು ತೆಲಂಗಾಣದ ನಡುವೆ ಹರಿದು, ಕರ್ನೂಲಿನ ಮುಂದೆ ಕೃಷ್ಣೆಯನ್ನು ಸೇರುತ್ತವೆ.

ಈ ನದಿಗೆ ಅಣೆಕಟ್ಟು ಕಟ್ಟಿ ಬರದ ಸೀಮೆಗೆ ನೀರು ತರಬೇಕೆಂಬ ಯೋಚನೆಯನ್ನು 1860ರ ಸುಮಾರಿನಲ್ಲಿಯೇ ಸರ್ ಆರ್ಥರ್ ಕಾಟನ್ ಮಂಡಿಸಿದ್ದರು. ನದಿಯ ಒಂದು ದಡ ಮದ್ರಾಸ್ ಪ್ರಾಂತ, ಇನ್ನೊಂದು ದಡ ಹೈದರಾಬಾದಿನ ನಿಜಾಮರ ಸಂಸ್ಥಾನ. ಹಂಚಿಕೆಯ ಒಪ್ಪಂದವಿಲ್ಲದೆ ಕಲ್ಲಿಡುವಂತಿರಲಿಲ್ಲ. ಮಾತುಕತೆ ದಶಕಗಳ ಕಾಲ ನಡೆಯಿತು. ಕೊನೆಗೆ 1945ರಲ್ಲಿ ಎರಡೂ ಸರ್ಕಾರಗಳು ಹೊಸಪೇಟೆಯ ಬಳಿ ಕೆಲಸ ಆರಂಭಿಸಿದವು. ಅಣೆಕಟ್ಟು ಮುಗಿದು 1953ರಲ್ಲಿ ನೀರು ನಿಂತಿತು. ಸುಮಾರು 90 ಹಳ್ಳಿಗಳು ಮುಳುಗಿ, ಐವತ್ತು ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟರು. ನಮ್ಮ ಹೊಲಕ್ಕೆ ಬರುವ ನೀರಿನಲ್ಲಿ ಅವರ ತ್ಯಾಗವೂ ಸೇರಿದೆ ಎಂಬುದನ್ನು ಮರೆಯಬಾರದು.

ಅದೇ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು, ಬಳ್ಳಾರಿಯ ಕಡೆಯ ತಾಲೂಕುಗಳು ಮೈಸೂರಿಗೆ ಹೋದವು. ಅಕ್ಕನ ಮನೆ ಆಚೆ, ತಂಗಿಯ ಮನೆ ಈಚೆ ಎಂಬಂತಾಯಿತು. ಭೂಪಟದ ಗೆರೆ ಬದಲಾದರೂ ಕಾಲುವೆ ಬದಲಾಗಲಿಲ್ಲ. ಅಣೆಕಟ್ಟಿನ ಬಲದಂಡೆಯಿಂದ ಹೊರಟ ಕೆಳಮಟ್ಟದ ಕಾಲುವೆ ಬಳ್ಳಾರಿ ಜಿಲ್ಲೆಯನ್ನು ದಾಟಿಯೇ ನಮ್ಮ ಆದವಾನಿ ಸೀಮೆಗೆ ಬರಬೇಕು. ಮೇಲ್ಮಟ್ಟದ ಕಾಲುವೆ ಅನಂತಪುರದ ಕಡೆಗೆ ಹೋಗುತ್ತದೆ. ಮೇಲಿನವರು ತೂಬು ತೆರೆದು ಎಲ್ಲವನ್ನೂ ಹರಿಸಿಕೊಂಡರೆ ಕೆಳಗಿನವರಿಗೆ ಕೆಸರೇ ಗತಿ.

ಈ ಅಪಾಯವನ್ನು ಮುಂಗಂಡು ಅಂದೇ ತುಂಗಭದ್ರಾ ಮಂಡಳಿಯನ್ನು ರಚಿಸಲಾಯಿತು. ಕೇಂದ್ರ ಸರ್ಕಾರ ನೇಮಿಸಿದ ಅಧ್ಯಕ್ಷರು, ರಾಜ್ಯಗಳ ಪ್ರತಿನಿಧಿಗಳು ಅದರಲ್ಲಿರುತ್ತಾರೆ. ಅಣೆಕಟ್ಟಿನಲ್ಲಿ ಎಷ್ಟು ನೀರಿದೆ, ಯಾರಿಗೆ ಎಷ್ಟು, ಯಾವ ದಿನದಿಂದ ಎಂಬುದನ್ನು ಕುಳಿತು ಲೆಕ್ಕಹಾಕುತ್ತಾರೆ. ಮುಂದೆ ನ್ಯಾಯಮೂರ್ತಿ ಬಚಾವತ್ ಅವರ ಅಧ್ಯಕ್ಷತೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 1970ರ ದಶಕದಲ್ಲಿ ತನ್ನ ತೀರ್ಪನ್ನು ನೀಡಿತು. ಅದರಂತೆ ಜಲಾಶಯದ 212 ಟಿ.ಎಂ.ಸಿ. ನೀರಿನಲ್ಲಿ ಕರ್ನಾಟಕಕ್ಕೆ 138.99, ಅಂದಿನ ಆಂಧ್ರಪ್ರದೇಶಕ್ಕೆ 73.01 ಟಿ.ಎಂ.ಸಿ. ಎಂದಾಯಿತು. 2014ರಲ್ಲಿ ತೆಲಂಗಾಣ ಹುಟ್ಟಿದ ಮೇಲೆ ಪಾಲುದಾರರು ಮೂವರಾದರು. (ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,831 ಕೋಟಿ ಲೀಟರ್.)

ಈ ಏರ್ಪಾಡಿನಲ್ಲಿ ಜಗಳವೇ ಇಲ್ಲವೆಂದು ನಾನು ಹೇಳುವುದಿಲ್ಲ. ರಾಜೋಳಿಬಂಡೆಯ ತೂಬುಗಳ ವಿಷಯದಲ್ಲಿ ಕೆಳಗಿನ ರೈತರಿಗೂ ಎದುರು ದಡದ ರೈತರಿಗೂ ಅನೇಕ ಸಲ ಮನಸ್ತಾಪವಾಗಿದೆ. ಕಾಲುವೆಯ ಆರಂಭದ ಊರುಗಳಲ್ಲಿ ಭತ್ತ ತೊನೆಯುವಾಗ ಕೊನೆಯ ಊರುಗಳಲ್ಲಿ ಶೇಂಗಾ ಒಣಗುವುದನ್ನು ನೀವೇ ಕಂಡಿದ್ದೀರಿ. ಆದರೂ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಭಿನ್ನ ಭಾಷೆಯ, ಭಿನ್ನ ಸರ್ಕಾರಗಳ ಜನ ಒಂದೇ ಮೇಜಿನ ಸುತ್ತ ಕುಳಿತು ಒಂದು ನದಿಯನ್ನು ಹಂಚಿಕೊಳ್ಳುತ್ತಿದ್ದಾರೆ. ಪತ್ರಿಕೆಗಳಲ್ಲಿ ಜಗಳ ದೊಡ್ಡ ಅಕ್ಷರದಲ್ಲಿ ಬರುತ್ತದೆ, ಈ ಸಭೆಗಳು ಬರುವುದೇ ಇಲ್ಲ. ಆದರೆ ಶಾಂತಿ ನಿಂತಿರುವುದು ಇಂಥ ಸಭೆಗಳ ಮೇಲೆಯೇ.

4. ಹೂಳು ತಿಂದ ಪಾಲು

ಹಂಚಿಕೆಯ ಕಾಗದ ಸರಿಯಾಗಿದ್ದರೆ ಸಾಕೇ? ಸಾಲದು. ಹಂಚಲು ನೀರಿರಬೇಕು. ಇಲ್ಲಿಯೇ ಪರಿಸರದ ಮಾತು ಬರುತ್ತದೆ.

ತುಂಗಭದ್ರಾ ಜಲಾಶಯ ತುಂಬಿದ ಮೊದಲಿಗೆ ಅದರ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಇತ್ತು. ಈಗ ಸುಮಾರು 105 ಟಿ.ಎಂ.ಸಿ. ಮಾತ್ರ. ಉಳಿದ ಜಾಗವನ್ನು ಹೂಳು ತುಂಬಿದೆ. ಅಂದರೆ ಪಾತ್ರೆಯ ಐದನೆಯ ಒಂದು ಭಾಗ ಮಣ್ಣಾಯಿತು. ಈ ಮಣ್ಣು ಎಲ್ಲಿಂದ ಬಂತು? ಮಲೆನಾಡಿನ ಕಾಡು ಕಡಿದಾಗ, ಇಳಿಜಾರಿನ ನೆಲವನ್ನು ಬದು ಹಾಕದೆ ಉತ್ತಾಗ, ಬೆಟ್ಟ ಅಗೆದಾಗ ಸಡಿಲವಾದ ಮೇಲ್ಮಣ್ಣು ಮಳೆಯ ಜೊತೆ ಹರಿದು ಬಂತು. ಭದ್ರಾ ನದಿಯ ಮೂಲದಲ್ಲಿರುವ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆಯಿಂದಲೂ ನದಿಗೆ ಹೂಳು ಸೇರುತ್ತಿತ್ತು. ಪರಿಸರಪ್ರೇಮಿಗಳು ನ್ಯಾಯಾಲಯಕ್ಕೆ ಹೋದರು, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿಗಾರಿಕೆ ನಿಂತಿತು.

ನೋಡಿರಿ, ನೂರಾರು ಮೈಲಿ ದೂರದ ಬೆಟ್ಟದಲ್ಲಿ ಮರ ಉರುಳಿದರೆ ಆದವಾನಿಯ ಹೊಲಕ್ಕೆ ನೀರು ಕಡಿಮೆಯಾಗುತ್ತದೆ. ಬೆಟ್ಟದ ಜನರಿಗೂ ಬಯಲಿನ ಜನರಿಗೂ ಪರಸ್ಪರ ಮುಖಪರಿಚಯವೂ ಇಲ್ಲ, ಆದರೂ ಒಬ್ಬರ ತಪ್ಪು ಇನ್ನೊಬ್ಬರ ಹಸಿವಾಗುತ್ತದೆ. ಕೊರತೆ ಕಂಡ ಮೇಲೆ ನಾವು ಹೂಳನ್ನು ಬಯ್ಯುವುದಿಲ್ಲ, ಪಕ್ಕದ ರಾಜ್ಯವನ್ನು ಬಯ್ಯುತ್ತೇವೆ.

2024ರ ಆಗಸ್ಟ್ 10ರ ರಾತ್ರಿ ಏನಾಯಿತೆಂಬುದು ನಿಮ್ಮ ಮನೆಯ ಹಿರಿಯರಿಗೆ ಚೆನ್ನಾಗಿ ನೆನಪಿದೆ. ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರನ್ನು ಕಣ್ಣೆದುರಿಗೆ ಹೊರಬಿಡಬೇಕಾಯಿತು. ಮೂರು ರಾಜ್ಯಗಳ ರೈತರು ಅನ್ನದ ತಟ್ಟೆ ಮುಂದಿಟ್ಟುಕೊಂಡು ಉಣ್ಣಲಾರದೆ ಕುಳಿತರು. ಅನುಭವಿ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆಗಳನ್ನು ಇಳಿಸಿ ಸುಮಾರು ಒಂದು ವಾರದಲ್ಲಿ ಹೊರಹರಿವನ್ನು ನಿಲ್ಲಿಸಿದರು. ಆ ವಾರ ಕನ್ನಡದವನು, ತೆಲುಗಿನವನು ಎಂಬ ಭೇದವಿರಲಿಲ್ಲ. ಎಲ್ಲರ ಕಣ್ಣೂ ಒಂದೇ ಗೇಟಿನ ಮೇಲಿತ್ತು. ಕಷ್ಟ ಬಂದ ಮೇಲೆ ಒಂದಾಗುವ ನಾವು ಕಷ್ಟ ಬರುವ ಮೊದಲೇ ಒಂದಾಗಲು ಕಲಿಯಬಾರದೇ?

5. ನಮ್ಮ ಹಾಜರಿ ಪುಸ್ತಕ ಹೇಳುವ ಕಥೆ

ಇದೆಲ್ಲ ದೊಡ್ಡವರ ವಿಷಯ, ನಮಗೇನು ಎಂದು ಯಾರಾದರೂ ಕೇಳಬಹುದು. ಅವರಿಗೆ ನಾನು ನನ್ನ ಹಾಜರಿ ಪುಸ್ತಕವನ್ನು ತೋರಿಸುತ್ತೇನೆ. ಮಳೆ ಚೆನ್ನಾಗಿ ಆಗಿ ಕಾಲುವೆ ಕೊನೆಯವರೆಗೆ ಹರಿದ ವರ್ಷ ಪ್ರತಿ ತಿಂಗಳೂ ಹೆಸರುಗಳ ಮುಂದೆ ಗುರುತುಗಳು ತುಂಬಿರುತ್ತವೆ. ಮಳೆ ಕೈಕೊಟ್ಟ ವರ್ಷ ದೀಪಾವಳಿ ಕಳೆಯುತ್ತಲೇ ಖಾಲಿ ಮನೆಗಳು ಕಾಣತೊಡಗುತ್ತವೆ. ಸಂಸಾರ ಸಂಸಾರವೇ ಗುಳೆ ಹೋಗಿರುತ್ತದೆ. ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ. ಅಪ್ಪ ಅವ್ವ ಹೋದ ಮೇಲೆ ತಮ್ಮ ತಂಗಿಯರನ್ನು ನೋಡಿಕೊಳ್ಳಲು ದೊಡ್ಡ ಹುಡುಗಿ ಶಾಲೆ ಬಿಡುತ್ತಾಳೆ.

ಒಮ್ಮೆ ಹೀಗೆ ಮೂರು ತಿಂಗಳು ಹೋಗಿ ಬಂದ ಹುಡುಗನನ್ನು "ಪಾಠ ಎಲ್ಲಿಯವರೆಗೆ ಓದಿದ್ದೀಯಪ್ಪಾ?" ಎಂದು ಕೇಳಿದೆ. ಅವನು ತಲೆ ತಗ್ಗಿಸಿ, "ನೀರು ಬಂದಿದ್ರೆ ಓದ್ತಿದ್ದೆ ಸಾರ್" ಎಂದ. ನೀರಿಗೂ ವಿದ್ಯೆಗೂ ಇರುವ ಸಂಬಂಧವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ವರದಿಯೂ ನನಗೆ ಹೇಳಿಲ್ಲ. ಆ ಹುಡುಗನ ಭದ್ರತೆ ಗಡಿಯಲ್ಲಿರಲಿಲ್ಲ, ಕಾಲುವೆಯ ತೂಬಿನಲ್ಲಿತ್ತು.

6. ಸಸಿ ನೆಟ್ಟು ಶಾಂತಿ ಪ್ರಶಸ್ತಿ ಪಡೆದ ತಾಯಿ

ಈಗ ಆಫ್ರಿಕಾ ಖಂಡದ ಕೀನ್ಯಾ ದೇಶಕ್ಕೆ ಹೋಗೋಣ. 1940ರಲ್ಲಿ ಅಲ್ಲಿನ ನ್ಯೇರಿ ಜಿಲ್ಲೆಯ ಒಂದು ಹಳ್ಳಿಯ ರೈತರ ಮನೆಯಲ್ಲಿ ವಂಗಾರಿ ಮಾಥಾಯಿ ಹುಟ್ಟಿದರು. ಮನೆಯ ಹತ್ತಿರ ಅತ್ತಿಯ ಜಾತಿಯ ಒಂದು ದೊಡ್ಡ ಮರವಿತ್ತು. "ಅದು ದೇವರ ಮರ, ಅದರ ಕಡ್ಡಿಯನ್ನೂ ಸೌದೆಗೆ ತರಬೇಡ" ಎಂದು ತಾಯಿ ಮಗಳಿಗೆ ಹೇಳಿದ್ದರು. ಮರದ ಬಳಿ ಒಂದು ತೊರೆ ಹುಟ್ಟುತ್ತಿತ್ತು. ಹುಡುಗಿ ಅದರಲ್ಲಿ ಕಪ್ಪೆಯ ಮೊಟ್ಟೆಗಳನ್ನು ನೋಡುತ್ತಾ ಆಡುತ್ತಿದ್ದಳು. ಅಮೆರಿಕದಲ್ಲಿ ವಿದ್ಯಾಭ್ಯಾಸ ಮುಗಿಸಿ ಮರಳಿ ಬಂದಾಗ ಆ ಮರವನ್ನು ಕಡಿಯಲಾಗಿತ್ತು. ತೊರೆಯೂ ಬತ್ತಿತ್ತು. ನಮ್ಮ ಊರುಗಳಲ್ಲಿ ಆಲ, ಅರಳಿ, ಅತ್ತಿಗಳಿಗೆ ಹಿರಿಯರು ಏಕೆ ಕಟ್ಟೆ ಕಟ್ಟಿದರೆಂದು ಇದರಿಂದ ಊಹಿಸಬಹುದು. ಆಳವಾಗಿ ಇಳಿದ ಬೇರುಗಳು ಮಳೆಯ ನೀರನ್ನು ನೆಲದೊಳಗೆ ಇಳಿಸುತ್ತವೆ.

1971ರಲ್ಲಿ ನೈರೋಬಿಯಲ್ಲಿ ಅವರು ಡಾಕ್ಟರೇಟ್ ಪಡೆದರು. ಪೂರ್ವ ಮತ್ತು ಮಧ್ಯ ಆಫ್ರಿಕಾದಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ ಅವರೇ. ಪ್ರಾಧ್ಯಾಪಕಿಯಾಗಿ ಸುಖವಾಗಿರಬಹುದಿತ್ತು. ಆದರೆ ಹಳ್ಳಿಯ ಹೆಂಗಸರು ಬಂದು ಹೇಳಿಕೊಂಡ ಕಷ್ಟಗಳು ಅವರನ್ನು ಸುಮ್ಮನಿರಗೊಡಲಿಲ್ಲ. ಸೌದೆಗೆ ಬಹುದೂರ ನಡೆಯಬೇಕು, ಕುಡಿಯಲು ಶುದ್ಧ ನೀರಿಲ್ಲ, ಮಕ್ಕಳಿಗೆ ಪೌಷ್ಟಿಕ ಆಹಾರವಿಲ್ಲ. ಬ್ರಿಟಿಷರ ಕಾಲದಿಂದಲೂ ಕಾಡು ಕಡಿದು ಚಹಾ, ಕಾಫಿ ಬೆಳೆದುದರ ಫಲ ಅದು. "ಹಾಗಾದರೆ ಮರಗಳನ್ನೇ ನೆಡೋಣ" ಎಂದರು ವಂಗಾರಿ. 1977ರ ಜೂನ್ 5ರಂದು ನೈರೋಬಿಯ ಒಂದು ಉದ್ಯಾನದಲ್ಲಿ ಏಳು ಸಸಿಗಳನ್ನು ನೆಡುವುದರೊಂದಿಗೆ ಹಸಿರು ಪಟ್ಟಿ ಚಳವಳಿ ಆರಂಭವಾಯಿತು.

ಅವರ ಕ್ರಮ ಸರಳವಾಗಿತ್ತು. ಹೆಂಗಸರು ಸುತ್ತಲಿನ ಕಾಡಿನಿಂದ ಬೀಜ ಆರಿಸಿ ತಂದು ಸಸಿ ಮಾಡಬೇಕು. ಪದವಿ ಪಡೆದ ಅರಣ್ಯಾಧಿಕಾರಿಗಳು "ಓದು ಬಾರದವರಿಗೆ ಇದು ಸಾಧ್ಯವೇ?" ಎಂದು ನಕ್ಕರು. ಹೊಲದಲ್ಲಿ ಬೀಜ ಬಿತ್ತಿ ಬೆಳೆಸುವವರಿಗೆ ಮರದ ಬೀಜ ಮೊಳೆಯಿಸುವುದು ಅಸಾಧ್ಯವಾಗಲಿಲ್ಲ. ನೆಟ್ಟ ಸಸಿಗಲ್ಲ, ಬದುಕಿ ಉಳಿದ ಸಸಿಗೆ ಸ್ವಲ್ಪ ಹಣ ಕೊಡಲಾಗುತ್ತಿತ್ತು. (ವನಮಹೋತ್ಸವದ ದಿನ ನೆಟ್ಟು ಮರುದಿನ ಮರೆಯುವ ನಾವು ಈ ನಿಯಮವನ್ನು ಗಮನಿಸಬೇಕು.) 2004ರ ಹೊತ್ತಿಗೆ ಈ ಚಳವಳಿಯವರು ನೆಟ್ಟ ಮರಗಳ ಸಂಖ್ಯೆ ಸುಮಾರು ಮೂರು ಕೋಟಿ.

ಮರ ನೆಡುವವರಿಗೆ ಶತ್ರುಗಳೂ ಹುಟ್ಟಿದರು. 1989ರಲ್ಲಿ ನೈರೋಬಿಯ ಉಹುರು ಉದ್ಯಾನದಲ್ಲಿ 60 ಅಂತಸ್ತಿನ ಕಟ್ಟಡ ಕಟ್ಟಲು ಆಡಳಿತದಲ್ಲಿದ್ದವರು ಹೊರಟಾಗ ವಂಗಾರಿ ವಿರೋಧಿಸಿದರು. ಅವರನ್ನು ಹೀಯಾಳಿಸಲಾಯಿತು, ಆದರೆ ಕಟ್ಟಡ ನಿಂತುಹೋಯಿತು. 1999ರ ಜನವರಿಯಲ್ಲಿ ಕರೂರಾ ಅರಣ್ಯವನ್ನು ಖಾಸಗಿಯವರಿಗೆ ಹಂಚುವುದರ ವಿರುದ್ಧ ಸಸಿ ನೆಡಲು ಹೋದಾಗ ಅವರ ತಲೆಗೆ ಪೆಟ್ಟುಬಿದ್ದು ರಕ್ತ ಸುರಿಯಿತು. ಅವರು ಹಿಂದೆ ಸರಿಯಲಿಲ್ಲ. ಇಂದು ಕರೂರಾ ಅರಣ್ಯ ಉಳಿದಿದೆ.

1990ರ ದಶಕದ ಆರಂಭದಲ್ಲಿ ಆ ದೇಶದ ರಿಫ್ಟ್ ಕಣಿವೆಯಲ್ಲಿ ಬುಡಕಟ್ಟುಗಳ ನಡುವೆ ಘರ್ಷಣೆಗಳಾದವು. ನೆಲ, ಹುಲ್ಲುಗಾವಲುಗಳ ಹಳೆಯ ಅಸಮಾಧಾನವನ್ನು ರಾಜಕಾರಣಿಗಳು ಊದಿ ಬೆಂಕಿ ಮಾಡಿದ್ದರು. ವಂಗಾರಿಯವರು ಎರಡೂ ಕಡೆಯವರಿಗೆ ಸಸಿಗಳನ್ನು ಕೊಟ್ಟು "ಶಾಂತಿಯ ಮರ"ಗಳನ್ನು ನೆಡಿಸಿದರು. ಅವರ ಕಿಕುಯು ಜನರಲ್ಲಿ ಒಂದು ಹಳೆಯ ಪದ್ಧತಿಯಿತ್ತು: ಇಬ್ಬರು ಕಾದಾಡುವಾಗ ಹಿರಿಯನು ಥಿಗಿ ಎಂಬ ಮರದ ಕೋಲನ್ನು ನಡುವೆ ಇಟ್ಟರೆ ಇಬ್ಬರೂ ಕೈ ತಡೆದು ರಾಜಿಗೆ ಬರಬೇಕು.

2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಿತು. ಆ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್ ಮಹಿಳೆ ಅವರು. "ಮರ ನೆಡುವುದಕ್ಕೂ ಶಾಂತಿಗೂ ಏನು ಸಂಬಂಧ?" ಎಂದು ಅನೇಕರು ಕೇಳಿದರು. ಅದಕ್ಕೆ ಅವರು ಮೂರು ಕಾಲಿನ ಮಣೆಯ ಉದಾಹರಣೆ ಕೊಡುತ್ತಿದ್ದರು. ಒಂದು ಕಾಲು ಪರಿಸರದ ಸರಿಯಾದ ಪಾಲನೆ, ಇನ್ನೊಂದು ಪ್ರಜಾಪ್ರಭುತ್ವ, ಮತ್ತೊಂದು ಶಾಂತಿ. ಒಂದು ಕಾಲು ಮುರಿದರೂ ಮೇಲೆ ಕುಳಿತವನು ಬೀಳುತ್ತಾನೆ. 2011ರಲ್ಲಿ ವಂಗಾರಿ ತೀರಿಕೊಂಡರು. ಆದರೆ ಅವರ ಚಳವಳಿ ನಡೆಯುತ್ತಿದೆ.

7. ಯುದ್ಧವೂ ಪರಿಸರವನ್ನು ಕೊಲ್ಲುತ್ತದೆ

ಸಂಬಂಧ ಒಂದೇ ಕಡೆಗಲ್ಲ. ಪರಿಸರ ಕೆಟ್ಟರೆ ಶಾಂತಿ ಕೆಡುವಂತೆ, ಶಾಂತಿ ಕೆಟ್ಟರೆ ಪರಿಸರವೂ ಕೆಡುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಎದುರಾಳಿಗಳು ಅಡಗದಿರಲೆಂದು ಅಮೆರಿಕದ ವಿಮಾನಗಳು ಏಳು ಕೋಟಿ ಲೀಟರಿಗೂ ಹೆಚ್ಚು ಸಸ್ಯನಾಶಕ ವಿಷವನ್ನು ಕಾಡು, ಗದ್ದೆಗಳ ಮೇಲೆ ಸುರಿದವು. 1975ರಲ್ಲಿ ಯುದ್ಧ ಮುಗಿಯಿತು, ವಿಷದ ಪರಿಣಾಮ ಮಾತ್ರ ಮುಂದಿನ ತಲೆಮಾರುಗಳಿಗೂ ಮುಟ್ಟಿತು. 1991ರಲ್ಲಿ ಇರಾಕಿನ ಸೈನ್ಯ ಕುವೈತಿನಿಂದ ಹಿಮ್ಮೆಟ್ಟುವಾಗ ಆರುನೂರಕ್ಕೂ ಹೆಚ್ಚು ಎಣ್ಣೆಬಾವಿಗಳಿಗೆ ಬೆಂಕಿ ಹಚ್ಚಿತು. ಆ ಬೆಂಕಿಯನ್ನು ಪೂರ್ತಿ ಆರಿಸುವಾಗ ನವೆಂಬರ್ ತಿಂಗಳಾಗಿತ್ತು. ಇಂಥ ಹಾನಿಯನ್ನು ನೆನಪಿಸಲೆಂದೇ ವಿಶ್ವಸಂಸ್ಥೆಯು 2001ರಲ್ಲಿ ನವೆಂಬರ್ 6ನ್ನು, ಯುದ್ಧದಲ್ಲಿ ಪರಿಸರದ ದುರ್ಬಳಕೆಯನ್ನು ತಡೆಯುವ ಅಂತರರಾಷ್ಟ್ರೀಯ ದಿನವೆಂದು ಘೋಷಿಸಿತು. ಜೂನ್ 5ರ ಜೊತೆಗೆ ಈ ದಿನವನ್ನೂ ನಮ್ಮ ಶಾಲೆಯಲ್ಲಿ ಆಚರಿಸಬಹುದು.

8. ಬೀದಿಯ ನಲ್ಲಿಗೆ ಮರಳಿ

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ನಮ್ಮ ಬೀದಿಯಲ್ಲಿ ಮುಂದೆ ಏನಾಯಿತು?

ಠಾಣೆಯಿಂದ ಜಗಳ ಬಗೆಹರಿಯಲಿಲ್ಲ. ಕೊನೆಗೆ ಬೀದಿಯ ಒಬ್ಬ ಹಿರಿಯ ಅಜ್ಜಿ ಎಲ್ಲರನ್ನೂ ತಮ್ಮ ಕಟ್ಟೆಗೆ ಕರೆದರು. "ಯವ್ವಾ, ನೀರು ಹೆಚ್ಚು ಮಾಡೋದು ನನ್ನ ಕೈಯಾಗಿಲ್ಲ. ಸರದಿ ಮಾಡೋದು ನಮ್ಮ ಕೈಯಾಗ ಐತಿ" ಎಂದರು. ಮನೆಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆವು. ಪ್ರತಿ ಮನೆಗೆ ಇಷ್ಟೇ ಕೊಡ. ಈ ಸಲ ಕೊನೆಯಲ್ಲಿದ್ದವರು ಮುಂದಿನ ಸಲ ಮೊದಲು. ಬಾಣಂತಿ, ಕಾಯಿಲೆಯವರಿದ್ದ ಮನೆಗೆ ಎರಡು ಕೊಡ ಹೆಚ್ಚು. ಒಡೆದ ಪೈಪಿನಿಂದ ಸೋರುತ್ತಿದ್ದ ನೀರನ್ನು ಹುಡುಗರೇ ಸೇರಿ ನಿಲ್ಲಿಸಿದರು.

ಆ ಬೇಸಿಗೆ ನೀರು ನಾಲ್ಕು ದಿನಕ್ಕೊಮ್ಮೆಯೇ ಬಂತು. ಒಂದು ಕೊಡವೂ ಹೆಚ್ಚಾಗಲಿಲ್ಲ. ಆದರೆ ಜಗಳ ನಿಂತಿತು. ಆ ಹುಡುಗಿಯರಿಬ್ಬರು ಮಾತ್ರ ಕೂಡಲೇ ಒಂದೇ ಬೆಂಚಿಗೆ ಬರಲಿಲ್ಲ. ಆ ವರ್ಷ ಪೂರ್ತಿ ದೂರವೇ ಕುಳಿತರು. ಮರುವರ್ಷ ಹತ್ತನೆಯ ತರಗತಿಯ ಪರೀಕ್ಷೆಗೆ ಒಂದೇ ಗಣಿತ ಪುಸ್ತಕವನ್ನು ನಡುವೆ ಇಟ್ಟುಕೊಂಡು ಓದುತ್ತಿದ್ದುದನ್ನು ನಾನು ಕಂಡೆ. ಶಾಂತಿ ಕೆಡಲು ಒಂದು ಕ್ಷಣ ಸಾಕು, ಕೂಡಲು ಒಂದು ವರ್ಷ ಬೇಕಾಯಿತು.

ಪಾಲಕರಲ್ಲಿ ಒಂದು ಮಾತು

ಮಾನ್ಯ ಪಾಲಕರೇ, ಶಾಂತಿಯ ಪಾಠವನ್ನು ಶಾಲೆಯೊಂದೇ ಕಲಿಸಲಾರದು. ಕಾಲುವೆಯ ಮೇಲಿನ ಊರಿನವರನ್ನು, ಪಕ್ಕದ ರಾಜ್ಯದವರನ್ನು ಮನೆಯಲ್ಲಿ ಬಯ್ಯುವ ಮೊದಲು ಮಕ್ಕಳು ಕೇಳುತ್ತಿದ್ದಾರೆಂಬುದನ್ನು ನೆನಪಿಡಿರಿ. ನಮ್ಮ ಪಾಲನ್ನು ಕೇಳುವುದು ತಪ್ಪಲ್ಲ, ಗಟ್ಟಿಯಾಗಿಯೇ ಕೇಳೋಣ. ಆದರೆ ನಮ್ಮ ತೂಬಿನ ಕೆಳಗಿರುವವನ ಪಾಲನ್ನು ಬಿಟ್ಟುಕೊಟ್ಟಿದ್ದೇವೆಯೇ ಎಂದೂ ನೋಡಿಕೊಳ್ಳೋಣ. ಗುಳೆ ಹೋಗಲೇಬೇಕಾದ ಮನೆಯವರು ಮಗುವನ್ನು ಅಜ್ಜಿಯ ಬಳಿಯೋ ವಸತಿಗೃಹದಲ್ಲೋ ಬಿಡುವ ದಾರಿಯನ್ನು ನಮ್ಮೊಡನೆ ಮಾತನಾಡಿ ಹುಡುಕಿರಿ. ಶಾಲೆಯ ಬಾಗಿಲು ಅದಕ್ಕಾಗಿ ಯಾವಾಗಲೂ ತೆರೆದಿದೆ.

ಯೋಚಿಸಿ ಉತ್ತರಿಸಿರಿ

1. ಕೊರತೆ ಮತ್ತು ಅನ್ಯಾಯ, ಇವುಗಳಲ್ಲಿ ಜಗಳಕ್ಕೆ ಹೆಚ್ಚು ಕಾರಣವಾಗುವುದು ಯಾವುದು? ನಿಮ್ಮ ಊರಿನ ಒಂದು ಉದಾಹರಣೆಯೊಂದಿಗೆ ವಿವರಿಸಿರಿ.

2. ಜಲಾಶಯದ ಸಾಮರ್ಥ್ಯ 133ರಿಂದ 105 ಟಿ.ಎಂ.ಸಿ.ಗೆ ಇಳಿದರೆ ಕಡಿಮೆಯಾದ ನೀರು ಎಷ್ಟು ಕೋಟಿ ಲೀಟರ್? ಲೆಕ್ಕ ಮಾಡಿರಿ.

3. ವಂಗಾರಿ ಮಾಥಾಯಿ ಅವರು ಬದುಕಿ ಉಳಿದ ಸಸಿಗೆ ಮಾತ್ರ ಹಣ ಕೊಡಲು ಕಾರಣವೇನು?

ಮಾಡಿ ನೋಡಿರಿ

1. ನಿಮ್ಮ ಹೊಲಕ್ಕೆ ಅಥವಾ ಮನೆಗೆ ಬರುವ ನೀರು ಎಲ್ಲಿ ಹುಟ್ಟಿ ಯಾವ ಯಾವ ಊರುಗಳನ್ನು ದಾಟಿ ಬರುತ್ತದೆ ಎಂಬುದರ ನಕ್ಷೆ ಬರೆಯಿರಿ. ದಾರಿಯಲ್ಲಿ ಅದನ್ನು ಬಳಸುವವರನ್ನೆಲ್ಲ ಗುರುತಿಸಿರಿ.

2. ಮನೆಯ ಹಿರಿಯರನ್ನು ಕೇಳಿ, ಅವರ ಬಾಲ್ಯದಲ್ಲಿದ್ದು ಈಗಿಲ್ಲದ ಬಾವಿ, ಕೆರೆ, ಮರಗಳ ಪಟ್ಟಿ ಮಾಡಿರಿ. ಪ್ರತಿಯೊಂದೂ ಏಕೆ ಹೋಯಿತೆಂದು ಬರೆಯಿರಿ.

3. ತರಗತಿಯನ್ನು ಮೂರು ಗುಂಪು ಮಾಡಿ, ಒಂದು ಕಾಲುವೆಯ ಮೊದಲ ಊರು, ನಡುವಿನ ಊರು, ಕೊನೆಯ ಊರು ಎಂದು ಹೆಸರಿಡಿರಿ. ಹತ್ತು ಕೊಡ ನೀರನ್ನು ಹಂಚಿಕೊಳ್ಳುವ ಒಪ್ಪಂದ ಬರೆಯಿರಿ. ಮರುದಿನ ಗುಂಪುಗಳನ್ನು ಬದಲಿಸಿ, ಮೊದಲ ಊರಿನವರು ಕೊನೆಯ ಊರಿನವರಾಗಿರಿ. ನಿನ್ನೆಯ ಒಪ್ಪಂದ ಇಂದೂ ನಿಮಗೆ ನ್ಯಾಯವೆನಿಸಿದರೆ ಅದು ಒಳ್ಳೆಯ ಒಪ್ಪಂದ.